‘ಏನೋ ಮಾಡಿರ್ಬೇಕು ಬಿಡಿ’: ಮೆಕ್ಸಿಕೊ ಡ್ರಗ್ ಯುದ್ಧದಲ್ಲಿ ಸತ್ತ ಅಮಾಯಕರು ಯಾರ ಲೆಕ್ಕ?

ಇವತ್ತಿನ ಸಂಚಿಕೆ ಸ್ವಲ್ಪ ಭಾರವಾಗಿದೆ, ಹಿಂಸೆಯ ವಿವರಗಳು ಬರ್ತವೆ. ಊಟ ಮಾಡ್ತಾ ಕೇಳ್ತಿದ್ರೆ, ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ರೆ, ದಯವಿಟ್ಟು ಆಮೇಲೆ ಕೇಳಿ. ಎಪಿಸೋಡ್ ಎಲ್ಲೂ ಓಡಿಹೋಗಲ್ಲ.

ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಬಹಳ ಜನ ‘ನಾರ್ಕೋಸ್’ ನೋಡಿರ್ತೀರಿ. ಪಾಬ್ಲೊ ಎಸ್ಕೊಬಾರ್ ಹೆಂಗಿದ್ದ, ಯಾರ ಜೊತೆ ಜಗಳ ಆಡಿದ, ಹೆಂಗೆ ಸತ್ತ, ಎಲ್ಲಾ ನೆನಪಿರುತ್ತೆ. ಈಗ ಹೇಳಿ, ಆ ಸೀರೀಸ್‌ನಲ್ಲಿ ಸುಮ್ನೆ ರಸ್ತೇಲಿ ಹೋಗ್ತಾ ಗುಂಡು ತಗುಲಿ ಬಿದ್ದವರಲ್ಲಿ ಒಬ್ಬರ ಹೆಸರು ನೆನಪಿದೆಯಾ? ಇರಲ್ಲ. ಅದು ನಿಮ್ಮ ತಪ್ಪಲ್ಲ, ಆ ಕಥೆಗಳನ್ನ ಕಟ್ಟೋದೇ ಹಾಗೆ. ಡಾನ್‌ಗೆ ಹೆಸರಿರುತ್ತೆ, ಪೊಲೀಸ್‌ಗೆ ಹೆಸರಿರುತ್ತೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇರಲ್ಲ.

ಇವತ್ತು ಆ ಮಧ್ಯದವರ ಚರಿತ್ರೆ ಹೇಳ್ತೀನಿ. ದೇಶ ಮೆಕ್ಸಿಕೊ, ಕಾಲ 2006ರಿಂದ ಈಚೆಗೆ. ಬಾಗಿಲು ತೆರೆಯೋಕೆ ಒಂದು ಸಿನಿಮಾ ಇಟ್ಕೊಂಡಿದ್ದೀನಿ.

ನೀರಿನ ಟ್ಯಾಂಕ್‌ನಲ್ಲಿ ಇಟ್ಟ ಪ್ಯಾಕೆಟ್

ಸಿನಿಮಾ ಹೆಸರು ‘ಎಲಿ’. ಇಂಗ್ಲಿಷ್‌ನಲ್ಲಿ ಬರೆದಾಗ ಮೊದಲು ಎಚ್ ಅಕ್ಷರ ಬರುತ್ತೆ, ಸ್ಪ್ಯಾನಿಷ್‌ನಲ್ಲಿ ಅದನ್ನ ಉಚ್ಚರಿಸಲ್ಲ. ಹುಡುಕೋವಾಗ ಗಮನ ಇರ್ಲಿ. 2013ರಲ್ಲಿ ಬಂದದ್ದು. ನಿರ್ದೇಶಕ ಅಮಾತ್ ಎಸ್ಕಲಾಂತೆ. ಆ ವರ್ಷ ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಗೆ ಸ್ಟೀವನ್ ಸ್ಪೀಲ್‌ಬರ್ಗ್ ಅಧ್ಯಕ್ಷರು. ಎಸ್ಕಲಾಂತೆಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಸಿಕ್ಕಿತು. ಕಥೆ ಹೇಳದೆ ಮುಂದಿನ ಮಾತು ಆಡೋಕಾಗಲ್ಲ, ಹಾಗಾಗಿ ಸ್ಪಾಯ್ಲರ್ ಇದೆ.

ಎಲಿ ಒಬ್ಬ ಯುವಕ. ಮಧ್ಯ ಮೆಕ್ಸಿಕೊದ ಗ್ವಾನಾಹ್ವಾತೊ ರಾಜ್ಯ, ಊರ ಹೊರಗೆ ಧೂಳು ತುಂಬಿದ ಬಯಲಲ್ಲಿ ಒಂದು ಸಣ್ಣ ಮನೆ. ಮನೇಲಿ ಅಪ್ಪ, ಹೆಂಡತಿ, ಹಸುಗೂಸು, ಹನ್ನೆರಡು ವರ್ಷದ ತಂಗಿ ಎಸ್ತೆಲಾ. ಎಲಿ, ಅವನಪ್ಪ ಇಬ್ಬರೂ ಕಾರ್ ಫ್ಯಾಕ್ಟರಿ ಕೆಲಸದವರು. ಸಿನಿಮಾದ ಶುರುವಿನಲ್ಲಿ ಜನಗಣತಿಯವರು ಮನೆಗೆ ಬಂದು ಯಾರ್ಯಾರು ಇದ್ದೀರಿ ಅಂತ ಕೇಳಿ ಬರ್ಕೊಳ್ತಾರೆ. ನೋಡೋವಾಗ ಇದು ಸಾಮಾನ್ಯ ದೃಶ್ಯ ಅನ್ಸುತ್ತೆ. ಇದನ್ನ ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

ತಂಗಿ ಎಸ್ತೆಲಾಗೆ ಬೇತೊ ಅನ್ನೋ ಹುಡುಗನ ಮೇಲೆ ಪ್ರೀತಿ. ಅವನಿಗೆ ಹದಿನೇಳು ವರ್ಷ, ವಿಶೇಷ ಪಡೆಗೆ ತರಬೇತಿ ತಗೊಳ್ತಿರೋನು. ಇಬ್ಬರೂ ಓಡಿಹೋಗಿ ಮದುವೆ ಆಗೋ ಕನಸು ಕಾಣ್ತಾರೆ. ಅದಕ್ಕೆ ದುಡ್ಡು ಬೇಕಲ್ಲ? ಬೇತೊ ಕದ್ದ ಕೊಕೇನ್ ಪ್ಯಾಕೆಟ್‌ಗಳನ್ನ ತಂದು ಇವರ ಮನೆ ಮೇಲಿನ ನೀರಿನ ಟ್ಯಾಂಕ್‌ನಲ್ಲಿ ಅಡಗಿಸ್ತಾನೆ. ಎಲಿ ಕಣ್ಣಿಗೆ ಅದು ಬೀಳುತ್ತೆ. ಅವನೇನು ಮಾಡ್ತಾನೆ? ಮಾರೋಕೆ ಹೋಗಲ್ಲ, ಇಟ್ಕೊಳ್ಳೋದೂ ಇಲ್ಲ. ತಗೊಂಡ್ಹೋಗಿ ನೀರಿಗೆ ಸುರಿದು ಬರ್ತಾನೆ. ಮನೆಯ ಹಿರಿಮಗ ಮಾಡೋ ಕೆಲಸ ಅದು.

ಆಮೇಲೆ ಸಮವಸ್ತ್ರ ತೊಟ್ಟು, ಬಂದೂಕು ಹಿಡಿದವರು ಬಾಗಿಲು ಒಡೆದು ಬರ್ತಾರೆ. ಅಪ್ಪ ಅಲ್ಲೇ ಸಾಯ್ತಾನೆ. ಎಲಿ, ಎಸ್ತೆಲಾ ಇಬ್ಬರನ್ನೂ ಎತ್ತಿಕೊಂಡು ಹೋಗ್ತಾರೆ. ಒಂದು ಮನೆಯೊಳಗೆ ಚಿತ್ರಹಿಂಸೆ ನಡೀತಿರುತ್ತೆ, ಅದೇ ಕೋಣೇಲಿ ಹುಡುಗರು ವಿಡಿಯೊ ಗೇಮ್ ಆಡ್ತಾ ಕೂತಿರ್ತಾರೆ. ಬೇತೊನ ಹೆಣ ರಸ್ತೆ ಮೇಲಿನ ಪಾದಚಾರಿ ಸೇತುವೆಯಿಂದ ನೇತಾಡುತ್ತೆ. ಎಲಿ ಹೇಗೋ ಜೀವ ಉಳಿಸ್ಕೊಂಡು ಮನೆಗೆ ಬಂದರೆ, ಪೊಲೀಸರು ಅವನನ್ನೇ ಅನುಮಾನದಿಂದ ಪ್ರಶ್ನೆ ಮಾಡ್ತಾರೆ. ಮುಂದೆ ಕೆಲಸವೂ ಹೋಗುತ್ತೆ.

ಕಾನ್‌ನಲ್ಲಿ ಚರ್ಚೆ ಆದದ್ದು ಬಹುಪಾಲು ಆ ಚಿತ್ರಹಿಂಸೆಯ ದೃಶ್ಯದ ಬಗ್ಗೆ. ಇಷ್ಟೊಂದು ತೋರಿಸಬೇಕಿತ್ತಾ ಅಂತ. ಆ ಪ್ರಶ್ನೆ ಸರಿಯಾದದ್ದೇ. ಆದ್ರೆ ನನ್ನನ್ನ ಹೆಚ್ಚು ಕಾಡಿದ್ದು ಹಿಂಸೆ ಮುಗಿದ ಮೇಲಿನ ಭಾಗ. ಅಪ್ಪನನ್ನ ಕಳ್ಕೊಂಡವನು ತಾನು ಕಳ್ಳ ಅಲ್ಲ ಅಂತ ಸಾಬೀತು ಮಾಡ್ಬೇಕಾದ ಪರಿಸ್ಥಿತಿ. ಇದು ಒಬ್ಬ ನಿರ್ದೇಶಕನ ಕಲ್ಪನೆ ಅಷ್ಟೇ ಅಲ್ಲ, ಇದಕ್ಕೊಂದು ಚರಿತ್ರೆ ಇದೆ.

ಯುದ್ಧ ಶುರುವಾದದ್ದು ಹೇಗೆ

ಮೆಕ್ಸಿಕೊದಲ್ಲಿ ಅಫೀಮು, ಗಾಂಜಾ ಬೆಳೆದು ಅಮೆರಿಕಕ್ಕೆ ಸಾಗಿಸೋದು ಹಳೇ ದಂಧೆ. ಕೊಕೇನ್ ಮಾತ್ರ ಹೊರಗಿನ ಸರಕು, ಕೊಲಂಬಿಯಾ ಕಡೆಯಿಂದ ಬರೋದು. ಮೊದಲು ಅದು ಕೆರಿಬಿಯನ್ ಸಮುದ್ರ ದಾಟಿ ಫ್ಲೋರಿಡಾಗೆ ಹೋಗ್ತಿತ್ತು. 1980ರ ದಶಕದಲ್ಲಿ ಅಮೆರಿಕ ಆ ದಾರಿಯನ್ನ ಬಿಗಿ ಮಾಡಿತು. ಸರಕು ನಿಲ್ಲಲಿಲ್ಲ, ದಾರಿ ಬದಲಾಯ್ತು. ಮೆಕ್ಸಿಕೊ ನೆಲದ ಮೇಲಿಂದ ಹೋಗೋಕೆ ಶುರುವಾಯ್ತು. ಮೊದಲು ಮೆಕ್ಸಿಕೊದವರು ಸಾಗಣೆ ಕೂಲಿ ತಗೊಳ್ತಿದ್ದರು. ಆಮೇಲೆ ಕೂಲಿಗೆ ಬದಲು ಸರಕಲ್ಲೇ ಪಾಲು ಕೇಳಿದರು. ಅಲ್ಲಿಗೆ ಲಾರಿ ಓಡಿಸೋನು ಅಂಗಡಿ ಮಾಲೀಕ ಆದಂಗಾಯ್ತು.

ಇಷ್ಟು ದೊಡ್ಡ ದಂಧೆ ನಡೆಯುವಾಗ ಸರ್ಕಾರ ಎಲ್ಲಿತ್ತು ಅಂತೀರಾ? ಪಿಆರ್‌ಐ ಅನ್ನೋ ಒಂದೇ ಪಕ್ಷ 1929ರಿಂದ 2000ದವರೆಗೆ, ಅಂದ್ರೆ 71 ವರ್ಷ, ಆ ದೇಶ ಆಳಿತು. ಆ ಕಾಲದಲ್ಲಿ ಕಳ್ಳಸಾಗಣೆದಾರರು ಮತ್ತು ಅಧಿಕಾರಿಗಳ ನಡುವೆ ಹೊಂದಾಣಿಕೆ ಇತ್ತು ಅನ್ನೋದು ಅಲ್ಲಿನ ಚರಿತ್ರಕಾರರು ಮತ್ತೆ ಮತ್ತೆ ಬರೆದಿರೋ ಮಾತು. ಹಿಂಸೆ ಆಗ್ಲೂ ಇತ್ತು. 1985ರಲ್ಲಿ ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎಯ ಅಧಿಕಾರಿ ಎನ್ರಿಕೆ ಕಮಾರೆನಾ ಅವರನ್ನ ಅಪಹರಿಸಿ ಕೊಂದರು. 1990ರ ದಶಕದ ಕೊನೆಯಲ್ಲಿ ಮೆಕ್ಸಿಕೊ ಸೇನೆಯ ವಿಶೇಷ ಪಡೆ ಬಿಟ್ಟು ಬಂದ ಸೈನಿಕರನ್ನ ಗಲ್ಫ್ ಕಾರ್ಟೆಲ್ ತನ್ನ ಕಾವಲಿಗೆ ಸೇರಿಸ್ಕೊಂಡಿತು. ಅವರೇ ‘ಸೆತಾಸ್’. ಜನರ ತೆರಿಗೆ ದುಡ್ಡಲ್ಲಿ ಕಲಿತ ಯುದ್ಧವಿದ್ಯೆ ಜನರ ಮೇಲೇ ತಿರುಗಿತು. ಸಿನಿಮಾದಲ್ಲಿ ಬೇತೊ ತರಬೇತಿ ಪಡೆಯೋ ದೃಶ್ಯಗಳನ್ನ ಈ ಹಿನ್ನೆಲೆ ಗೊತ್ತಿದ್ದು ನೋಡಿದ್ರೆ ಬೇರೆಯೇ ಕಾಣ್ತವೆ.

ಈಗ 2006. ಫೆಲಿಪೆ ಕಾಲ್ಡೆರೋನ್ ಅಧ್ಯಕ್ಷ ಚುನಾವಣೆ ಗೆದ್ದದ್ದು ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ. ಎದುರಾಳಿ ಕಡೆಯವರು ಫಲಿತಾಂಶ ಒಪ್ಪದೆ ಬೀದಿಗಿಳಿದಿದ್ದರು. ಡಿಸೆಂಬರ್ 1ಕ್ಕೆ ಕಾಲ್ಡೆರೋನ್ ಅಧಿಕಾರ ವಹಿಸಿಕೊಂಡರು. ಹತ್ತೇ ದಿನಕ್ಕೆ, ಡಿಸೆಂಬರ್ 11ರಂದು, ತಮ್ಮ ಹುಟ್ಟೂರಿನ ರಾಜ್ಯವಾದ ಮಿಚೊಆಕಾನ್‌ಗೆ ಸಾವಿರಾರು ಸೈನಿಕರನ್ನೂ ಫೆಡರಲ್ ಪೊಲೀಸರನ್ನೂ ಕಳಿಸಿದರು. ಮೆಕ್ಸಿಕೊದವರು ಡ್ರಗ್ ಯುದ್ಧದ ಆರಂಭ ಅಂತ ಗುರುತಿಸೋದು ಆ ದಿನವನ್ನ.

ತಂತ್ರ ಸರಳವಾಗಿತ್ತು. ದೊಡ್ಡ ತಲೆಗಳನ್ನ ಉರುಳಿಸಿ, ಗುಂಪು ತಾನಾಗೇ ಬೀಳುತ್ತೆ. ತಲೆಗಳು ಉರುಳಿದವು ಕೂಡ. ಆದ್ರೆ ಗುಂಪು ಬೀಳಲಿಲ್ಲ, ಒಡೆಯಿತು. ಒಬ್ಬ ಯಜಮಾನ ಸತ್ತರೆ ಅವನ ಕೈಕೆಳಗಿದ್ದವರು ಮೂರು ಬಣ ಆಗಿ ಅದೇ ದಾರಿ, ಅದೇ ಊರಿಗೆ ಕಿತ್ತಾಡಿದರು. ಹೊಸ ಬಣಗಳಿಗೆ ಗಡಿ ದಾಟಿಸೋ ಸಂಪರ್ಕ ಇರಲಿಲ್ಲ, ಹಾಗಾಗಿ ಊರೊಳಗೇ ದುಡ್ಡು ಹುಟ್ಟಿಸೋಕೆ ಹೊರಟರು. ಅಂಗಡಿಗಳಿಂದ ಹಫ್ತಾ, ಅಪಹರಣ, ವಲಸಿಗರ ಸುಲಿಗೆ. ಡ್ರಗ್ಸ್ ಮುಟ್ಟದೇ ಇದ್ದವರ ಮನೆ ಬಾಗಿಲಿಗೂ ದಂಧೆ ಬಂತು.

ಮೆಕ್ಸಿಕೊದ ಅಂಕಿಅಂಶ ಸಂಸ್ಥೆಯ ಲೆಕ್ಕದಲ್ಲಿ 2007ರಲ್ಲಿ ಇಡೀ ದೇಶದಲ್ಲಿ ನಡೆದ ಕೊಲೆ ಸುಮಾರು 8,900. 2011ರಲ್ಲಿ ಅದು 27,000 ದಾಟಿತು. ನಾಲ್ಕೇ ವರ್ಷದಲ್ಲಿ ಮೂರು ಪಟ್ಟು.

ಟ್ಯಾಲಿ ಆಗದ ಖಾತೆ

ನಾನು ಓದಿದ್ದು ಬಿ.ಕಾಂ. ಚರಿತ್ರೆ ಹೇಳೋವಾಗ್ಲೂ ಖಾತೆ ಪುಸ್ತಕ ತಲೆಯಿಂದ ಹೋಗಲ್ಲ, ಸಹಿಸ್ಕೊಳ್ಳಿ. ಅಕೌಂಟೆನ್ಸಿ ಕ್ಲಾಸ್‌ನಲ್ಲಿ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೇ ಇದ್ರೆ ಏನ್ಮಾಡ್ತೀವಿ? ಆ ವ್ಯತ್ಯಾಸವನ್ನ ತಾತ್ಕಾಲಿಕವಾಗಿ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ. ಅಂದ್ರೆ, ಇದು ಎಲ್ಲಿಗೆ ಸೇರಿದ್ದು ಅಂತ ಇನ್ನೂ ಗೊತ್ತಿಲ್ಲ, ಹುಡುಕಿ ಸರಿ ಮಾಡ್ತೀವಿ ಅಂತ. ಅದು ಪ್ರಾಮಾಣಿಕ ಕೆಲಸ. ಮೋಸದ ದಾರಿ ಇನ್ನೊಂದಿದೆ. ಎಲ್ಲೂ ಸೇರದ ಮೊತ್ತವನ್ನ ಅನುಕೂಲವಾದ ಒಂದು ಹೆಡ್ ಕೆಳಗೆ ಬರೆದು ಪುಸ್ತಕ ಮುಚ್ಚಿಬಿಡೋದು.

ಮೆಕ್ಸಿಕೊ ಸರ್ಕಾರ ತನ್ನ ಸತ್ತವರ ವಿಷಯದಲ್ಲಿ ಮಾಡಿದ್ದು ಈ ಎರಡನೇ ಕೆಲಸ. ಸತ್ತವರಲ್ಲಿ ಬಹುಪಾಲು ಜನ ಅಪರಾಧಿಗಳೇ, ಒಬ್ಬರನ್ನೊಬ್ಬರು ಕೊಂದುಕೊಳ್ತಿದ್ದಾರೆ, ಸಾಮಾನ್ಯ ಜನ ಸತ್ತದ್ದು ಕಡಿಮೆ ಅಂತ ಆ ವರ್ಷಗಳಲ್ಲಿ ಸರ್ಕಾರ ಮತ್ತೆ ಮತ್ತೆ ಹೇಳಿತು. ವಿಚಿತ್ರ ಏನಂದ್ರೆ, ಕೊಲೆ ಕೇಸುಗಳಲ್ಲಿ ಬಹುಪಾಲು ತನಿಖೆಯೇ ಆಗಿರಲಿಲ್ಲ. ತನಿಖೆ ಆಗದೆ ಸತ್ತವನು ಅಪರಾಧಿ ಅಂತ ಗೊತ್ತಾಗೋದು ಹೆಂಗೆ? ಅವನು ಸತ್ತಿದ್ದಾನಲ್ಲ, ಅದೇ ಸಾಕ್ಷಿ.

ಜನರ ಬಾಯಲ್ಲೂ ಒಂದು ಮಾತು ಓಡಾಡ್ತಿತ್ತು. ‘ಎನ್ ಆಲ್ಗೊ ಆಂದಾಬಾ.’ ಅಂದ್ರೆ, ಅವನು ಯಾವುದ್ರಲ್ಲೋ ಇದ್ದ. ನಮ್ಮ ಭಾಷೇಲಿ ಹೇಳೋದಾದ್ರೆ, ‘ಏನೋ ಮಾಡಿರ್ಬೇಕು ಬಿಡಿ, ಬೆಂಕಿ ಇಲ್ದೆ ಹೊಗೆ ಆಡುತ್ತಾ?’ ಈ ಮಾತು ಆಡೋರೆಲ್ಲ ಕೆಟ್ಟವರಲ್ಲ. ಭಯಪಟ್ಟವರು. ಸತ್ತವನು ತಪ್ಪು ಮಾಡಿದ್ದ ಅಂತಾದ್ರೆ, ತಪ್ಪು ಮಾಡದ ನನಗೆ ಏನೂ ಆಗಲ್ಲ ಅನ್ನೋ ಧೈರ್ಯ ಸಿಗುತ್ತೆ. ಆದ್ರೆ ಆ ಧೈರ್ಯಕ್ಕೆ ಬೆಲೆ ಕಟ್ಟಿದವರು ಸತ್ತವರ ಮನೆಯವರು.

ಹುಡುಗರ ಪಾರ್ಟಿ, ವಿದ್ಯಾರ್ಥಿಗಳ ಹೆಣ

2010ರ ಎರಡು ಘಟನೆ ಹೇಳ್ತೀನಿ. ಎರಡೂ ಹೆಚ್ಚುಕಡಿಮೆ ಏಳು ವಾರದ ಅಂತರದಲ್ಲಿ ನಡೆದದ್ದು.

ಮೊದಲನೇದು ಸಿಯುದಾದ್ ಹ್ವಾರೆಸ್. ಅಮೆರಿಕ ಗಡಿಗೆ ಅಂಟಿಕೊಂಡಿರೋ ಊರು, ನದಿ ಆಚೆಗೆ ಟೆಕ್ಸಾಸ್‌ನ ಎಲ್ ಪಾಸೊ. ಗಡಿಯಲ್ಲಿ ರಫ್ತಿಗೆ ಸಾಮಾನು ಜೋಡಿಸೋ ಫ್ಯಾಕ್ಟರಿಗಳು ಸಾಲುಸಾಲಾಗಿವೆ. ಆ ಫ್ಯಾಕ್ಟರಿ ಕೆಲಸಗಾರರ ಒಂದು ಬಡಾವಣೆ ವಿಯಾಸ್ ದೆ ಸಲ್ವಾರ್ಕಾರ್. ಜನವರಿ 30ರ ರಾತ್ರಿ ಅಲ್ಲಿ ಹುಡುಗ ಹುಡುಗೀರು ಹುಟ್ಟುಹಬ್ಬದ ಪಾರ್ಟಿ ಮಾಡ್ತಿದ್ದರು. ಬಂದೂಕುಧಾರಿಗಳು ಗಾಡೀಲಿ ಬಂದು ರಸ್ತೆ ಮುಚ್ಚಿ ಗುಂಡು ಹಾರಿಸಿದರು. 15 ಜನ ಸತ್ತರು, ಬಹುತೇಕ ಹೈಸ್ಕೂಲು, ಕಾಲೇಜು ಓದ್ತಿದ್ದವರು. ಕೊಂದವರು ಅವರನ್ನ ಎದುರಾಳಿ ಗುಂಪಿನವರು ಅಂದ್ಕೊಂಡಿದ್ದರು.

ಅಧ್ಯಕ್ಷ ಕಾಲ್ಡೆರೋನ್ ಆಗ ಜಪಾನ್ ಪ್ರವಾಸದಲ್ಲಿದ್ದರು. ಅಲ್ಲಿಂದ ಅವರು ಕೊಟ್ಟ ಮೊದಲ ಪ್ರತಿಕ್ರಿಯೆ, ಇದು ಗ್ಯಾಂಗ್‌ಗಳ ನಡುವಿನ ಜಗಳ ಇರಬಹುದು ಅನ್ನೋ ಅರ್ಥದ್ದು. ಮಕ್ಕಳ ಹೆಣ ಇನ್ನೂ ಮಣ್ಣಾಗೋ ಹೊತ್ತಿಗೆ ಅವರು ರೌಡಿಗಳಾಗಿಬಿಟ್ಟಿದ್ದರು.

ಫೆಬ್ರವರಿಯಲ್ಲಿ ಕಾಲ್ಡೆರೋನ್ ಆ ಊರಿಗೆ ಬಂದರು. ದೊಡ್ಡ ಸಭೆ, ಟಿವಿ ಕ್ಯಾಮೆರಾ, ಭದ್ರತೆ. ಅಷ್ಟರಲ್ಲಿ ಒಬ್ಬ ತಾಯಿ ಮುಂದೆ ಬಂದು ನಿಂತರು. ಫ್ಯಾಕ್ಟರಿ ಕೆಲಸದ ಹೆಂಗಸು. ಇದ್ದ ಇಬ್ಬರು ಗಂಡುಮಕ್ಕಳೂ ಆ ರಾತ್ರಿ ಸತ್ತಿದ್ದರು. ಕ್ಷಮಿಸಿ ಅಧ್ಯಕ್ಷರೇ, ನಿಮಗೆ ಸ್ವಾಗತ ಅಂತ ನಾನು ಹೇಳಲಾರೆ ಅಂತ ಮುಖಕ್ಕೇ ಹೇಳಿದರು. ತನ್ನ ಮಕ್ಕಳು ಗ್ಯಾಂಗ್‌ನವರಲ್ಲ, ಓದ್ತಾ ಕೆಲಸ ಮಾಡ್ತಾ ಇದ್ದವರು, ಆಡಿದ ಮಾತು ವಾಪಸ್ ತಗೊಳ್ಳಿ ಅಂತ ಕೇಳಿದರು. ಆ ದೃಶ್ಯ ದೇಶಕ್ಕೆಲ್ಲ ಹೋಯ್ತು. ಸರ್ಕಾರ ಕ್ಷಮೆ ಕೇಳಬೇಕಾಯ್ತು. ಗಮನಿಸಿ, ಆ ತಾಯಿ ಮೊದಲು ಕೇಳಿದ್ದು ಪರಿಹಾರದ ದುಡ್ಡಲ್ಲ, ಮಕ್ಕಳ ಮೇಲಿನ ಕಳಂಕ ತೆಗೀರಿ ಅಂತ.

ಎರಡನೇದು ಮಾಂತೆರ್ರೇ ನಗರ, ಮಾರ್ಚ್ 19ರ ನಡುರಾತ್ರಿ ದಾಟಿದ ಹೊತ್ತು. ಅಲ್ಲಿ ದೇಶದ ಹೆಸರಾಂತ ಖಾಸಗಿ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ಅದರ ಗೇಟಿನ ಬಳಿ ಸೈನಿಕರ ಗುಂಡಿಗೆ ಇಬ್ಬರು ಸತ್ತರು. ಅಧಿಕೃತ ಹೇಳಿಕೆ ಏನು ಬಂತು ಗೊತ್ತಾ? ಸತ್ತವರು ಬಾಡಿಗೆ ಹಂತಕರು, ಮೈತುಂಬಾ ಶಸ್ತ್ರ ಇಟ್ಕೊಂಡಿದ್ದರು ಅಂತ. ನಿಜದಲ್ಲಿ ಅವರಿಬ್ಬರೂ ಅದೇ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳು, ಓದಿ ಮುಗಿಸಿ ಹೊರಗೆ ಬಂದಿದ್ದವರು. ಅವರ ಗುರುತಿನ ಚೀಟಿ ಮಾಯವಾಗಿತ್ತು, ಹೆಣದ ಹತ್ತಿರ ಬಂದೂಕು ಬಂದಿತ್ತು. ಮಾನವ ಹಕ್ಕು ಆಯೋಗದ ತನಿಖೆಯಲ್ಲಿ ಇದೆಲ್ಲ ಹೊರಬಿತ್ತು.

ಈ ಪ್ರಕರಣದ ಮೇಲೆ 2018ರಲ್ಲಿ ಆಲ್ಬೆರ್ತೊ ಆರ್ನಾವುತ್ ಒಂದು ಸಾಕ್ಷ್ಯಚಿತ್ರ ಮಾಡಿದರು, ‘ಆಸ್ತಾ ಲೋಸ್ ದಿಯೆಂತೆಸ್’. ಹಲ್ಲಿನವರೆಗೂ ಶಸ್ತ್ರ ತೊಟ್ಟವರು ಅನ್ನೋ ಅವರ ನುಡಿಗಟ್ಟಿನ ತುಂಡು ಅದು, ಸರ್ಕಾರ ಆ ಹುಡುಗರ ಮೇಲೆ ಹೊರಿಸಿದ್ದ ಅದೇ ಮಾತು. 2019ರ ಮಾರ್ಚ್‌ನಲ್ಲಿ ಮೆಕ್ಸಿಕೊ ಸರ್ಕಾರ ಸಾರ್ವಜನಿಕವಾಗಿ ಕ್ಷಮೆ ಕೇಳಿತು. ಒಂಬತ್ತು ವರ್ಷ! ಗುಂಡು ಹೊಡೆಯೋಕೆ ಕೆಲವು ಕ್ಷಣ, ಹಂತಕರು ಅನ್ನೋಕೆ ಕೆಲವು ಗಂಟೆ, ಅಲ್ಲ ಅಂತ ಒಪ್ಪೋಕೆ ಒಂಬತ್ತು ವರ್ಷ.

ಇವರದ್ದು ದೊಡ್ಡ ವಿಶ್ವವಿದ್ಯಾಲಯ, ಜನ ಕೇಳಿದರು, ಆಯೋಗ ಬಂತು. ಎಲಿ ಥರದ ಧೂಳಿನ ಮನೆಯವನಿಗೆ ಯಾರು ಬರ್ತಾರೆ?

ದಾರಿಹೋಕರು, ಒಂದೇ ಅಡ್ಡಹೆಸರಿನವರು

ಅದೇ 2010ರ ಆಗಸ್ಟ್. ಈಶಾನ್ಯ ಮೆಕ್ಸಿಕೊದ ಸಾನ್ ಫರ್ನಾಂದೊ. ಕೆಲಸ ಹುಡುಕಿ ಅಮೆರಿಕಕ್ಕೆ ಹೊರಟಿದ್ದ ವಲಸಿಗರನ್ನ ಸೆತಾಸ್ ಗುಂಪು ತಡೆದು, ಒಂದು ತೋಟದ ಕೊಟ್ಟಿಗೆಯಂಥ ಕಟ್ಟಡದಲ್ಲಿ ಕೊಂದು ಹಾಕಿತು. 72 ಜನ, 58 ಗಂಡಸರು, 14 ಹೆಂಗಸರು. ಗಾಯಗೊಂಡ ಒಬ್ಬ ಯುವಕ ಹೇಗೋ ತಪ್ಪಿಸ್ಕೊಂಡು ನೌಕಾಪಡೆಯವರ ಹತ್ತಿರ ಬಂದದ್ದಕ್ಕೆ ವಿಷಯ ಹೊರಗೆ ಬಂತು. ಸತ್ತವರು ಹೊಂಡುರಾಸ್, ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಈಕ್ವೆಡಾರ್, ಬ್ರೆಜಿಲ್‌ನವರು. ಪಟ್ಟಿಯಲ್ಲಿ ಭಾರತದವರೊಬ್ಬರೂ ಇದ್ದರು. ನಾವು ದೂರದ ದೇಶದ ಕಥೆ ಅಂತ ಕೇಳೋ ಈ ಚರಿತ್ರೇಲಿ ನಮ್ಮ ದೇಶದ ಒಂದು ಹೆಣವೂ ಇದೆ.

ಮುಂದಿನದು ಸ್ಮಾರ್ಟ್‌ಫೋನ್ ಹಿಡ್ಕೊಂಡು ಕೇಳ್ತಿರೋ ನಮಗೆಲ್ಲ ಹತ್ತಿರದ್ದು. 2011ರ ಮಾರ್ಚ್, ಕೊಆವಿಲಾ ರಾಜ್ಯದ ಅಯೆಂದೆ ಅನ್ನೋ ಸಣ್ಣ ಊರು, ಗಡಿಯಿಂದ ಒಂದು ಗಂಟೆಯೂ ಇಲ್ಲದ ದಾರಿ. ಆಗ ಬ್ಲ್ಯಾಕ್‌ಬೆರಿ ಫೋನ್‌ಗಳ ಕಾಲ. ಪ್ರತಿ ಫೋನ್‌ಗೂ ಒಂದು ಪಿನ್ ನಂಬರ್, ಅದು ಸಿಕ್ಕರೆ ಫೋನ್ ಎಲ್ಲಿದೆ ಅಂತ ಹಿಂಬಾಲಿಸಬಹುದು. ಸೆತಾಸ್ ನಾಯಕರ ಫೋನ್‌ಗಳ ಪಿನ್‌ಗಳು ಒಳಗಿನವರಿಂದಲೇ ಡಿಇಎಗೆ ಸಿಕ್ಕವು. ಡಿಇಎ ಅದನ್ನ ಮೆಕ್ಸಿಕೊದ ಫೆಡರಲ್ ಪೊಲೀಸರ ಒಂದು ವಿಶೇಷ ಘಟಕಕ್ಕೆ ಕೊಟ್ಟಿತು. ಅಲ್ಲಿಂದ ಮಾಹಿತಿ ಸೋರಿ ನೇರ ಸೆತಾಸ್ ಕೈಗೆ ಹೋಯ್ತು.

ಸೇಡು ಹೇಗಿತ್ತು ಅಂದ್ರೆ, ಮಾಹಿತಿ ಕೊಟ್ಟಿರಬಹುದು ಅಂತ ಅನುಮಾನ ಇದ್ದವರ ಅಡ್ಡಹೆಸರು ಯಾರ್ಯಾರಿಗೆ ಇದೆಯೋ ಅವರನ್ನೆಲ್ಲ ಎತ್ತಿಕೊಂಡು ಹೋದರು. ನೆಂಟರು, ಮನೆಗೆಲಸದವರು, ತೋಟದ ಆಳುಗಳು, ಹಾಗೇ ಆ ಹೊತ್ತಿಗೆ ಆ ಮನೇಲಿದ್ದವರು. ಮನೆಗಳನ್ನ ಕೆಡವಿ ಲೂಟಿ ಮಾಡಿದರು. ಊರಿನ ಪೊಲೀಸರು ತಡೆಯಲಿಲ್ಲ. ಸತ್ತವರು, ಕಾಣೆಯಾದವರು ಡಜನ್‌ಗಟ್ಟಲೆ ಅಂತ ಒಂದು ಲೆಕ್ಕ, ನೂರಾರು ಅಂತ ಇನ್ನೊಂದು. ಅಮೆರಿಕದ ಪತ್ರಕರ್ತೆ ಜಿಂಜರ್ ಥಾಂಪ್ಸನ್ 2017ರಲ್ಲಿ ಇದನ್ನ ಊರವರ ಬಾಯಿಂದಲೇ ಕೇಳಿ ಬರೆದ ಮೇಲೆ ಹೊರಗಿನ ಜಗತ್ತಿಗೆ ಸರಿಯಾಗಿ ಗೊತ್ತಾಯ್ತು. ಆ ವರದಿಯ ಆಧಾರದ ಮೇಲೆ 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಸೋಮೋಸ್’ ಅನ್ನೋ ಸೀರೀಸ್ ಬಂತು. ಅದರಲ್ಲಿ ಡಾನ್ ಕಥಾನಾಯಕ ಅಲ್ಲ, ಊರೇ ಕಥಾನಾಯಕ.

ಕೋಣ ಕೋಣ ಕಾದಾಡಿದ್ರೆ ಮಧ್ಯದಲ್ಲಿರೋ ಗಿಡ ಸಾಯುತ್ತೆ ಅಂತ ನಮ್ಮಲ್ಲಿ ಗಾದೆ ಇದೆ. ಮೆಕ್ಸಿಕೊ ಚರಿತ್ರೆ ಓದ್ತಾ ನನಗನ್ಸಿದ್ದು, ಗಿಡದ ಸ್ಥಿತಿ ಎಷ್ಟೋ ವಾಸಿ. ಗಿಡ ಸತ್ತ ಮೇಲೆ ಅದೂ ಕೋಣಗಳ ಜೊತೆ ಶಾಮೀಲಾಗಿತ್ತು ಅಂತ ಯಾರೂ ಹೇಳಲ್ಲ.

ಕವಿ ಬೀದಿಗೆ ಬಂದಾಗ

ಅದೇ 2011ರ ಮಾರ್ಚ್ ಕೊನೆಯ ವಾರ. ಮೆಕ್ಸಿಕೊ ಸಿಟಿಯ ದಕ್ಷಿಣಕ್ಕೆ ಕ್ವೆರ್ನವಾಕಾ ಅನ್ನೋ ಊರು. ಆ ಕಡೆ ಬೆಲ್ತ್ರಾನ್ ಲೇವಾ ಅನ್ನೋ ಗುಂಪಿನ ಹಿಡಿತ ಇತ್ತು. ಅದರ ಯಜಮಾನನನ್ನ 2009ರ ಡಿಸೆಂಬರ್‌ನಲ್ಲಿ ನೌಕಾಪಡೆ ಇದೇ ಕ್ವೆರ್ನವಾಕಾದಲ್ಲಿ ಕೊಂದಿತ್ತು. ಸರ್ಕಾರಕ್ಕೆ ದೊಡ್ಡ ಗೆಲುವು. ಆ ಕಾರ್ಯಾಚರಣೆಯಲ್ಲಿ ಸತ್ತ ಒಬ್ಬ ಯೋಧನ ಅಂತ್ಯಸಂಸ್ಕಾರ ಮುಗಿಸಿ ಮನೆಗೆ ಬಂದಿದ್ದ ಅವನ ತಾಯಿ ಮತ್ತು ಒಡಹುಟ್ಟಿದವರನ್ನೂ ಹಂತಕರು ಬಿಡಲಿಲ್ಲ. ಗುಂಪು ಒಡೆದು ಚೂರಾಯ್ತು. ಅಂಥ ಒಂದು ಚೂರಿನ ಕೈಗೆ 2011ರ ಮಾರ್ಚ್ 28ರಂದು ಏಳು ಜನ ಸಿಕ್ಕರು. ಅವರಲ್ಲೊಬ್ಬ ಕವಿ ಹಾವಿಯರ್ ಸಿಸಿಲಿಯಾ ಅವರ ಮಗ, ಇಪ್ಪತ್ತನಾಲ್ಕು ವರ್ಷದವನು.

ಸಿಸಿಲಿಯಾ ಇನ್ಮೇಲೆ ಕವಿತೆ ಬರೆಯಲ್ಲ ಅಂತ ಘೋಷಿಸಿದರು. ಮೇ ತಿಂಗಳಲ್ಲಿ ಕ್ವೆರ್ನವಾಕಾದಿಂದ ರಾಜಧಾನಿಗೆ ನಾಲ್ಕು ದಿನ ನಡೆದುಹೋದರು. ಜೊತೆಗೆ ಸಾವಿರಾರು ಜನ ಸೇರಿದರು. ಆ ಮೆರವಣಿಗೆಯಲ್ಲಿ ಘೋಷಣೆಗಿಂತ ಹೆಚ್ಚು ಕೇಳಿಸಿದ್ದು ಹೆಸರುಗಳು. ಒಬ್ಬೊಬ್ಬರೇ ಮುಂದೆ ಬಂದು, ನನ್ನ ಮಗ ಇಂಥವನು, ಇಂಥ ಕೆಲಸ ಮಾಡ್ತಿದ್ದ, ಇಂಥ ದಿನ ಹೋದ ಅಂತ ಹೇಳಿದರು. ಅಲ್ಲಿಯವರೆಗೆ ಅಕ್ಕಪಕ್ಕದವರು ‘ಯಾವುದ್ರಲ್ಲೋ ಇದ್ದ’ ಅಂತಾರೆ ಅನ್ನೋ ನಾಚಿಕೆಗೆ ಬಾಗಿಲು ಹಾಕ್ಕೊಂಡು ಅತ್ತವರು ಮೊದಲ ಸಲ ಮೈಕ್ ಮುಂದೆ ನಿಂತರು. ಜೂನ್‌ನಲ್ಲಿ ಅಧ್ಯಕ್ಷರೇ ಈ ಕುಟುಂಬಗಳ ಜೊತೆ ಟಿವಿ ಕ್ಯಾಮೆರಾ ಎದುರು ಕೂತು ಮಾತಾಡಬೇಕಾಯ್ತು. 2013ರ ಜನವರಿಯಲ್ಲಿ ಸಂತ್ರಸ್ತರ ಹಕ್ಕಿನ ರಾಷ್ಟ್ರೀಯ ಕಾನೂನು ಬಂತು. ಸಂತ್ರಸ್ತ ಅಂತ ಒಂದು ಕಾಲಂ ಖಾತೆ ಪುಸ್ತಕದಲ್ಲಿ ಕಡೆಗೂ ಸೇರಿತು ಅನ್ನಿ.

ಕಾಲಂ ಬಂದ ಮಾತ್ರಕ್ಕೆ ಲೆಕ್ಕ ಸರಿಹೋಗಲಿಲ್ಲ. ಕಾಣೆಯಾದವರ ಸರ್ಕಾರಿ ಪಟ್ಟಿ 2022ರ ಮೇ ತಿಂಗಳಲ್ಲಿ ಒಂದು ಲಕ್ಷ ದಾಟಿತು. ಇವತ್ತಿಗೂ ತಾಯಂದಿರ ಗುಂಪುಗಳು ಸಲಿಕೆ, ಕಬ್ಬಿಣದ ಸಲಾಕೆ ಹಿಡ್ಕೊಂಡು ಬಯಲು ಅಗೆಯುತ್ತವೆ. ಸಲಾಕೆಯನ್ನ ನೆಲಕ್ಕೆ ಹೊಡೆದು, ಎಳೆದು, ತುದಿಯನ್ನ ಮೂಸಿ ನೋಡ್ತಾರೆ. ವಾಸನೆ ಬಂದರೆ ಅಲ್ಲಿ ಅಗೆಯೋದು.

ಇನ್ನೊಂದು ಕಡೆಯ ಕಾಲಂ ಏನಾಯ್ತು ಅಂತಾನೂ ಕೇಳಿ. ಕಾಲ್ಡೆರೋನ್ ಸರ್ಕಾರದಲ್ಲಿ ಈ ಯುದ್ಧದ ಮುಖ ಆಗಿದ್ದವರು ಸಾರ್ವಜನಿಕ ಭದ್ರತಾ ಸಚಿವ ಹೆನಾರೊ ಗಾರ್ಸಿಯಾ ಲೂನಾ. ಸಿನಾಲೋವಾ ಕಾರ್ಟೆಲ್‌ನಿಂದ ಲಂಚ ತಿಂದು ಅದಕ್ಕೆ ನೆರವಾದದ್ದು 2023ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಕೋರ್ಟಿನಲ್ಲಿ ಸಾಬೀತಾಯ್ತು. 2024ರ ಅಕ್ಟೋಬರ್‌ನಲ್ಲಿ 38 ವರ್ಷಕ್ಕೂ ಹೆಚ್ಚಿನ ಶಿಕ್ಷೆ ಆಯ್ತು. ಪಾರ್ಟಿ ಮಾಡ್ತಿದ್ದ ಮಕ್ಕಳು ಅಪರಾಧಿಗಳ ಕಾಲಂನಲ್ಲಿ, ಕಾರ್ಟೆಲ್ ದುಡ್ಡು ತಿಂದವರು ರಕ್ಷಕರ ಕಾಲಂನಲ್ಲಿ. ಪುಸ್ತಕ ಬರೆದದ್ದೇ ಹಾಗೆ.

ಮತ್ತೆ ಎಲಿ ಮನೆಗೆ

ಸಿನಿಮಾ ಬಂದಾಗ ಗ್ವಾನಾಹ್ವಾತೊ ಅಂದ್ರೆ ಡ್ರಗ್ ಯುದ್ಧದ ಕೇಂದ್ರ ಅಂತ ಯಾರೂ ಅನ್ತಿರಲಿಲ್ಲ. ಕಾರ್ ಕಂಪನಿಗಳ ರಾಜ್ಯ ಅದು. ಸಿಲಾವೊದಲ್ಲಿ ಜನರಲ್ ಮೋಟರ್ಸ್ ಮೊದಲೇ ಇತ್ತು, 2014ರಲ್ಲಿ ಸಲಮಾಂಕಾದಲ್ಲಿ ಮಾಜ್ದಾ, ಸೆಲಾಯಾದಲ್ಲಿ ಹೋಂಡಾ ಫ್ಯಾಕ್ಟರಿ ತೆರೆದವು. ಬಂಡವಾಳ ಬಂತು, ಕೆಲಸ ಬಂತು. ಅದೇ ರಾಜ್ಯದಲ್ಲಿ ತೈಲ ಪೈಪ್‌ಲೈನ್‌ನಿಂದ ಪೆಟ್ರೋಲ್ ಕದಿಯೋ ಗುಂಪು ಮತ್ತು ಹಲಿಸ್ಕೊ ಕಾರ್ಟೆಲ್ ನಡುವೆ ಕಾಳಗ ಶುರುವಾಗಿ, 2018ರಿಂದ ವರ್ಷವರ್ಷ ದೇಶದಲ್ಲೇ ಅತಿ ಹೆಚ್ಚು ಕೊಲೆ ನಡೆಯೋ ರಾಜ್ಯ ಅನ್ನೋ ಹೆಸರು ಅದಕ್ಕೆ ಅಂಟಿತು. 2023ರ ಡಿಸೆಂಬರ್‌ನಲ್ಲಿ ಗ್ವಾನಾಹ್ವಾತೊದ ಸಲ್ವಾತಿಯೆರ್ರಾ ಊರಲ್ಲಿ ಕ್ರಿಸ್‌ಮಸ್ ಪಾರ್ಟಿಗೆ ನುಗ್ಗಿ ಕನಿಷ್ಠ 11 ಜನರನ್ನ ಕೊಂದರು, ಬಹುತೇಕ ಯುವಕ ಯುವತಿಯರು. ಹ್ವಾರೆಸ್‌ನ ಪಾರ್ಟಿ ಆಗಿ ಹದಿಮೂರು ವರ್ಷ ದಾಟಿತ್ತು.

ಈಗ ಆ ಜನಗಣತಿ ದೃಶ್ಯಕ್ಕೆ ಬರೋಣ. ಒಂದು ಸರ್ಕಾರ ಮನೆಗೆ ಬಂದು ಎಷ್ಟು ಜನ, ಎಷ್ಟು ವಯಸ್ಸು, ಏನು ಕೆಲಸ ಅಂತ ಬರ್ಕೊಳ್ಳುತ್ತೆ. ಅಂದ್ರೆ ಈ ಮನೆಯವರು ಇದ್ದಾರೆ ಅಂತ ಸರ್ಕಾರಕ್ಕೆ ಗೊತ್ತು. ಇದ್ದಾಗ ಎಣಿಸಿದ ಅದೇ ಸರ್ಕಾರ ಅವರು ಸತ್ತಾಗ ಎಣಿಸೋದು ಹೇಗೆ, ಯಾವ ಕಾಲಂನಲ್ಲಿ? ಎಸ್ಕಲಾಂತೆ ಈ ಪ್ರಶ್ನೆಯನ್ನ ಬಾಯಿಬಿಟ್ಟು ಕೇಳಲ್ಲ. ಎಲಿ ಅಪ್ಪ ಯಾರಿಗೂ ಏನೂ ಮಾಡಿದವನಲ್ಲ ಅಂತ ನಾವು ನೋಡಿದ್ದೀವಿ, ಪ್ಯಾಕೆಟ್ ಟ್ಯಾಂಕ್‌ಗೆ ಬಂದದ್ದು ಹೇಗೆ ಅಂತ ನಮಗೆ ಗೊತ್ತು. ಹೊರಗಿನವರಿಗೆ ಅದು ಗೊತ್ತಿಲ್ಲ. ನಾಳೆ ಪೇಪರ್‌ನಲ್ಲಿ ‘ಮನೆಯಲ್ಲಿ ಕೊಕೇನ್ ಇತ್ತು’ ಅಂತ ಬಂದ್ರೆ ಅದು ಸುಳ್ಳೂ ಅಲ್ಲ. ಸುಳ್ಳಲ್ಲದ ಒಂದು ಸಾಲಿನಿಂದ ಒಂದಿಡೀ ಮನೆತನ ಅಪರಾಧಿ ಆಗಬಹುದು. ಈ ಚರಿತ್ರೆಯಿಂದ ನಾನು ಕಲಿತದ್ದು ಅದನ್ನೇ.

ಅಮಾಯಕರು ಅಂದ ಕೂಡ್ಲೇ ಇನ್ನೊಂದು ಅಪಾಯವೂ ಇದೆ. ಹಾಗಾದ್ರೆ ಬೇತೊ? ಅವನು ಕದ್ದದ್ದು ನಿಜ, ಬೇರೆಯವರ ಮನೆಗೆ ಬೆಂಕಿ ತಂದದ್ದು ನಿಜ. ಅಷ್ಟಕ್ಕೆ ಅವನನ್ನ ಸೇತುವೆಗೆ ನೇತುಹಾಕಿದ್ದು ಸರಿ ಅನ್ನೋಕಾಗುತ್ತಾ? ತನಿಖೆ, ವಕೀಲ, ಕೋರ್ಟು ಇರೋದು ಎಲಿಗೆ ಮಾತ್ರ ಅಲ್ಲ, ಬೇತೊಗೂ. ಸತ್ತವನು ಒಳ್ಳೆಯವನಾಗಿದ್ರೆ ಮಾತ್ರ ಕೊಲೆಯನ್ನ ಕೊಲೆ ಅಂತೀವಿ ಅಂದ್ರೆ, ಪ್ರತಿ ಮನೆಯವರೂ ಮೊದಲು ಹೆಣದ ನಡತೆಗೆ ಸರ್ಟಿಫಿಕೇಟ್ ತರ್ಬೇಕಾಗುತ್ತೆ. ಮೆಕ್ಸಿಕೊದ ತಾಯಂದಿರು ಎರಡು ದಶಕದಿಂದ ಅಲೀತಿರೋದು ಇಂಥ ಸರ್ಟಿಫಿಕೇಟ್‌ಗೇ.

ನಮ್ಮ ಫ್ಯಾಮಿಲಿ ಗ್ರೂಪ್‌ಗಳಲ್ಲೂ ಆಗಾಗ ಒಂದು ಸುದ್ದಿ ಬರುತ್ತೆ. ಯಾರೋ ಸತ್ತರು, ಯಾರನ್ನೋ ಹಿಡಿದರು. ಕೆಳಗೆ ಮೊದಲ ಮೆಸೇಜ್, ‘ಏನೋ ಮಾಡಿರ್ಬೇಕು.’ ಮಾಡಿರಲೂಬಹುದು. ಆದ್ರೆ ಗೊತ್ತಾಗೋವರೆಗೆ ಅದು ಸಸ್ಪೆನ್ಸ್ ಅಕೌಂಟ್‌ನಲ್ಲೇ ಇರ್ಲಿ. ಅವರ ಮನೆಯವರೂ ಅದೇ ಊರಲ್ಲಿ ನಾಳೆ ಹಾಲು ತರೋಕೆ ಹೋಗ್ಬೇಕು, ಮಕ್ಕಳನ್ನ ಸ್ಕೂಲಿಗೆ ಬಿಡ್ಬೇಕು.

‘ಎಲಿ’ ಎಲ್ಲರೂ ನೋಡ್ಲೇಬೇಕು ಅಂತ ನಾನು ಹೇಳಲ್ಲ, ಹದಿನೆಂಟು ದಾಟಿದವರು ಕೂಡ ಮನಸ್ಸು ಗಟ್ಟಿ ಇದ್ದಾಗ ನೋಡಿ. ಚಿತ್ರಹಿಂಸೆ ನೋಡೋಕಾಗಲ್ಲ ಅನ್ನೋರಿಗೆ 2020ರ ಫೆರ್ನಾಂದಾ ವಲಾದೆಸ್ ಸಿನಿಮಾ ‘ಸಿನ್ ಸೆನ್ಯಾಸ್ ಪರ್ತಿಕುಲಾರೆಸ್’ ಇದೆ. ಗಡಿ ಕಡೆ ಹೋಗಿ ಕಾಣೆಯಾದ ಮಗನನ್ನ ಹುಡುಕೋ ಒಬ್ಬ ತಾಯಿಯ ಕಥೆ. ಡಾನ್‌ಗಳ ಕಥೆ ಹತ್ತು ನೋಡಿದವರು ಇಂಥದ್ದೊಂದು ನೋಡಿದ್ರೆ ಲೆಕ್ಕ ಸ್ವಲ್ಪವಾದ್ರೂ ಸಮ ಆಗುತ್ತೆ.

ಇವತ್ತಿಗೆ ಇಷ್ಟು. ಮುಂದಿನ ವಾರ ಸ್ವಲ್ಪ ಹಗುರ ವಿಷಯ ತರ್ತೀನಿ. ಅಲ್ಲಿವರೆಗೆ ಹುಷಾರಾಗಿರಿ.